ಪಿಎಚ್.ಡಿ.ಗೆ ಟಿ.ಸಿ. ಕೊಡುವುದಿಲ್ಲ

ಎಸ್.ಎಸ್.ಎಲ್.ಸಿ. ಮುಗಿಸಿ ನಮ್ಮ ಕಾಲೇಜಿಗೆ ಸೇರುವಾಗ ನೀವೆಲ್ಲ ಹಳೆಯ ಶಾಲೆಯಿಂದ ಒಂದು ಟಿ.ಸಿ. ತಂದು ಆಫೀಸಿನಲ್ಲಿ ಕೊಟ್ಟಿದ್ದೀರಿ. ಪ್ರಥಮ ಪಿ.ಯು.ಸಿ. ಇಲ್ಲಿ ಓದಿ, ಅಪ್ಪನ ಕೆಲಸದ ಕಾರಣಕ್ಕೆ ಹುಣಸೂರಿಗೋ ಕೆ.ಆರ್. ನಗರಕ್ಕೋ ಹೋದವರು ಅಲ್ಲಿ ದ್ವಿತೀಯ ವರ್ಷಕ್ಕೇ ಸೇರಿಕೊಳ್ಳುತ್ತಾರೆ. ಇಲ್ಲಿ ಪಾಸಾದ ವರ್ಷ ಅಲ್ಲಿಯೂ ಪಾಸಾದ ವರ್ಷವೇ. ಓದಿನ ಎಲ್ಲ ಹಂತದಲ್ಲೂ ಹೀಗೆಯೇ ಇರುತ್ತದೆ ಎಂದು ನಾವು ಅಂದುಕೊಂಡುಬಿಡುತ್ತೇವೆ.

ದ್ವಿತೀಯ ಪಿ.ಸಿ.ಎಂ.ಸಿ.ಯ ವಿದ್ಯಾರ್ಥಿನಿಯೊಬ್ಬಳು ಕೇಳಿದ ಪ್ರಶ್ನೆಯಿಂದ ಈ ಲೇಖನ ಹುಟ್ಟಿತು. "ಮಿಸ್, ನನಗೆ ಗಣಿತದಲ್ಲಿ ಪಿಎಚ್.ಡಿ. ಮಾಡಬೇಕು ಅಂತ ಆಸೆ. ಆದ್ರೆ ಅಮ್ಮಿ ಹೇಳ್ತಾರೆ, ಅರ್ಧದಲ್ಲಿ ಮದುವೆಯಾಗಿ ಬೇರೆ ಊರಿಗೆ ಹೋದ್ರೆ ಅಷ್ಟು ವರ್ಷ ಓದಿದ್ದು ಹೊಳೇಲಿ ಹುಣಸೆಹಣ್ಣು ಕಿವುಚಿದ ಹಾಗೆ ಆಗುತ್ತಂತೆ. ನಿಜವಾ?" ಪ್ರಶ್ನೆ ಅವಳೊಬ್ಬಳದಲ್ಲ. ಹುಡುಗಿಯರ ತಾಯಂದಿರು ಪೋಷಕರ ಸಭೆಯಲ್ಲಿ ಇದನ್ನೇ ಬೇರೆ ಮಾತಿನಲ್ಲಿ ಕೇಳುತ್ತಾರೆ. ನಾನು ಪಿಎಚ್.ಡಿ.ಯ ನಡುವೆ ಮದುವೆಯಾಗಿ, ವಿಶ್ವವಿದ್ಯಾಲಯ ಬದಲಿಸಿ ಈ ಊರಿನ ಕಡೆಗೆ ಬಂದವಳು. ಆದ್ದರಿಂದ ನಿಯಮ ಏನು, ನಡೆಯುವುದು ಹೇಗೆ ಎರಡನ್ನೂ ತಿಳಿಸಬಲ್ಲೆ. ಅಮ್ಮಿಯ ಮಾತು ಅರ್ಧ ನಿಜ, ಅರ್ಧ ಅಲ್ಲ.

ಮೊದಲು ಅರ್ಧ ನಿಜ. ಪಿಎಚ್.ಡಿ. ಎಂದರೆ ಬಿ.ಎಸ್ಸಿ., ಎಂ.ಎಸ್ಸಿ. ಆದಮೇಲೆ ಬರುವ ಇನ್ನೊಂದು ತರಗತಿಯಲ್ಲ. ಅದಕ್ಕೆ ಸಿಲೆಬಸ್ ಎಂಬುದು ಆರಂಭದಲ್ಲಿ ಸ್ವಲ್ಪ ಮಾತ್ರ. ಯುಜಿಸಿಯ 2022ರ ನಿಯಮಾವಳಿಯಂತೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್, ಅದರಲ್ಲಿ ಶೇ. 55 ಅಂಕ. ಅದು ಮುಗಿದ ಮೇಲೆ ಉಳಿಯುವುದು ಒಬ್ಬ ಮಾರ್ಗದರ್ಶಕರು, ಒಂದು ಸಮಸ್ಯೆ, ಮತ್ತು ನೀವು. ಯಾರೂ ಬಿಡಿಸದ ಲೆಕ್ಕವೊಂದನ್ನು ಬಿಡಿಸಿ ಬರೆದುಕೊಡುವವರೆಗೆ ಪದವಿ ಇಲ್ಲ. ಕನಿಷ್ಠ ಮೂರು ವರ್ಷ, ಗರಿಷ್ಠ ಆರು ವರ್ಷ.

ಹೀಗಾಗಿ ಪಿಎಚ್.ಡಿ. ವಿದ್ಯಾರ್ಥಿಯನ್ನು ಒಂದು ಜಾಗಕ್ಕೆ ಕಟ್ಟಿಹಾಕುವ ಹಗ್ಗ ಒಂದಲ್ಲ, ಮೂರು. ಒಂದು, ವಿಶ್ವವಿದ್ಯಾಲಯದ ನೋಂದಣಿ. ಎರಡು, ಮಾರ್ಗದರ್ಶಕರ ಬಳಿ ಇರುವ ಸೀಟು. ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗಿಂತ ಹೆಚ್ಚು ಸಂಶೋಧನಾರ್ಥಿಗಳನ್ನು ಇಟ್ಟುಕೊಳ್ಳುವಂತಿಲ್ಲ. ಮೂರು, ಫೆಲೋಶಿಪ್ ಹಣ. ಊರು ಬಿಡುವವರು ಈ ಮೂರನ್ನೂ ಬೇರೆ ಬೇರೆಯಾಗಿ ಬಿಚ್ಚಿ, ಇನ್ನೊಂದು ಕಡೆ ಬೇರೆ ಬೇರೆಯಾಗಿ ಕಟ್ಟಬೇಕು. ಹೊಸ ಊರಿನಲ್ಲಿ ವಿಶ್ವವಿದ್ಯಾಲಯ ಒಪ್ಪಿದರೂ ಅಲ್ಲಿ ನಿಮ್ಮ ವಿಷಯ ಬಲ್ಲವರ ಬಳಿ ಸೀಟು ಖಾಲಿ ಇರಲೇಬೇಕೆಂದಿಲ್ಲ. ಇಬ್ಬರೂ ಒಪ್ಪಿದರೂ ಹಣ ಕೊಡುವವರು ಬೇರೆ. ಸಾಮಾನ್ಯವಾಗಿ ನಡೆಯುವುದು ಏನೆಂದರೆ, ಹಳೆಯ ನೋಂದಣಿ ರದ್ದು ಮಾಡಿಸಿ ಹೊಸ ಕಡೆ ಪ್ರವೇಶ ಪರೀಕ್ಷೆ, ಸಂದರ್ಶನ, ಕೋರ್ಸ್‌ವರ್ಕ್ ಎಲ್ಲವನ್ನೂ ಮೊದಲಿನಿಂದ ಶುರು ಮಾಡುವುದು. ಹುಡುಗರಿಗೆ ಇವತ್ತಿಗೂ ಹೆಚ್ಚುಕಡಿಮೆ ಇದೇ ದಾರಿ.

ಅಮೆರಿಕದಲ್ಲಿ ಹಾಗಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಲ್ಲಿಯೂ 'ಟ್ರಾನ್ಸ್‌ಫರ್' ಎಂಬ ಮಾತಿದೆಯೇ ಹೊರತು, ಮಾಡಬೇಕಾದ್ದು ಮತ್ತೆ ಅರ್ಜಿ ಹಾಕುವುದೇ. ಹಳೆಯ ಕಡೆಯ ಪ್ರಾಧ್ಯಾಪಕರಿಂದಲೇ ಶಿಫಾರಸು ಪತ್ರ ಬೇಕು; ಬಿಟ್ಟು ಹೋಗುತ್ತೇನೆಂದು ಅವರಿಗೆ ಹೇಳದೆ ಪತ್ರ ಸಿಗುವುದಿಲ್ಲ. ಓದಿದ ಕೆಲವು ಕೋರ್ಸುಗಳನ್ನು ಹೊಸ ವಿಭಾಗ ಒಪ್ಪಬಹುದು, ಆದರೆ ಅರ್ಹತಾ ಪರೀಕ್ಷೆಯನ್ನು ಬಹಳ ಕಡೆ ಮತ್ತೆ ಬರೆಸುತ್ತಾರೆ. ಅಲ್ಲಿರುವ ಒಂದು ಅನುಕೂಲವೆಂದರೆ, ಎರಡು ವರ್ಷ ಓದಿ ಬಿಟ್ಟವರು ಅನೇಕ ಕಡೆ ಒಂದು ಸ್ನಾತಕೋತ್ತರ ಪದವಿಯನ್ನಾದರೂ ಹಿಡಿದು ಹೊರಬರಬಹುದು.

ನಮ್ಮ ಕಾಲೇಜಿಗೆ ತೀರ ಹತ್ತಿರದಲ್ಲಿ ಉನ್ನತ ಪದವಿ ಕೊಡುವ ಜಾಗ ಯಾವುದು ಎಂದು ಕೇಳಿದರೆ ನೀವು ಮಾನಸಗಂಗೋತ್ರಿ ಎನ್ನುತ್ತೀರಿ. ಅದು ಬಸ್ಸಿನಲ್ಲಿ ಸುಮಾರು ಎರಡು ಗಂಟೆಯ ಹಾದಿ. ಅದಕ್ಕಿಂತ ಹತ್ತಿರ, ಇಲ್ಲೇ ಬೈಲಕುಪ್ಪೆಯಲ್ಲಿ ಸೆರಾ ಮಠವಿದೆ. ಅಲ್ಲಿನ 'ಗೆಶೆ' ಪದವಿಗೆ ಹದಿನೈದು ಇಪ್ಪತ್ತು ವರ್ಷ ಓದು, ತರ್ಕ, ವಾದ ನಡೆಯುತ್ತದೆ. ಮೂಲ ಸೆರಾ 1419ರಲ್ಲಿ ಲ್ಹಾಸಾ ಹತ್ತಿರ ಕಟ್ಟಿದ್ದು. 1959ರ ನಂತರ ಅಲ್ಲಿಂದ ತಪ್ಪಿಸಿಕೊಂಡು ಬಂದ ಭಿಕ್ಷುಗಳು ಪಶ್ಚಿಮ ಬಂಗಾಳದ ಬಕ್ಸಾದಲ್ಲಿ ವರ್ಷಗಟ್ಟಲೆ ಓದು ಮುಂದುವರಿಸಿ, 1970ರ ಹೊತ್ತಿಗೆ ಇಲ್ಲಿಗೆ ಬಂದರು. ಓದಿನ ನಡುವೆ ಎರಡು ಸಲ ಜಾಗ ಬದಲಾದರೂ ಓದು ಕೆಡಲಿಲ್ಲ, ಏಕೆಂದರೆ ಗುರುಗಳೂ ಜೊತೆಗೇ ಬಂದರು. ನಮ್ಮ ವಿಶ್ವವಿದ್ಯಾಲಯಗಳಲ್ಲಿ ತೊಡಕು ಇರುವುದು ಇಲ್ಲಿಯೇ. ವಿದ್ಯಾರ್ಥಿ ಹೊರಟರೆ ಗುರು ಹಿಂದೆ ಉಳಿಯುತ್ತಾರೆ.

ಇನ್ನು ಅಮ್ಮಿಯ ಮಾತಿನಲ್ಲಿ ನಿಜವಲ್ಲದ ಅರ್ಧ. ಯುಜಿಸಿ ನಿಯಮಾವಳಿಯಲ್ಲಿ ಒಂದು ಅಂಶವಿದೆ. 2016ರ ನಿಯಮದಲ್ಲಿ ಇತ್ತು, 2022ರ ನವೆಂಬರ್‌ನಲ್ಲಿ ಗೆಜೆಟ್ ಆದ ಈಗಿನ ನಿಯಮದಲ್ಲೂ ಇದೆ. ಮದುವೆಯಿಂದಾಗಿ ಅಥವಾ ಬೇರೆ ಕಾರಣದಿಂದ ಮಹಿಳಾ ಸಂಶೋಧನಾರ್ಥಿ ಊರು ಬದಲಿಸಬೇಕಾಗಿ ಬಂದರೆ, ಆಕೆಯ ಸಂಶೋಧನಾ ದತ್ತಾಂಶವನ್ನು ಆಕೆ ಹೋಗಲಿಚ್ಛಿಸುವ ಸಂಸ್ಥೆಗೆ ವರ್ಗಾಯಿಸಲು ಬಿಡಬೇಕು ಎಂಬುದು ಅದರ ಸಾರ. ಷರತ್ತುಗಳೂ ಇವೆ. ನಿಯಮಾವಳಿಯ ಉಳಿದ ಅಂಶಗಳನ್ನೆಲ್ಲ ಪಾಲಿಸಿರಬೇಕು. ಆ ಕೆಲಸ, ಹಳೆಯ ಸಂಸ್ಥೆಗೋ ಮಾರ್ಗದರ್ಶಕರಿಗೋ ಯಾರಾದರೂ ಹಣ ಕೊಟ್ಟು ಮಂಜೂರು ಮಾಡಿದ ಯೋಜನೆಯ ಭಾಗವಾಗಿರಬಾರದು. ಮತ್ತು ಅಲ್ಲಿವರೆಗಿನ ಕೆಲಸದ ಮನ್ನಣೆಯನ್ನು ಹಳೆಯ ಸಂಸ್ಥೆಗೂ ಮಾರ್ಗದರ್ಶಕರಿಗೂ ಕೊಡಬೇಕು.

'ಬಿಡಬಹುದು' ಎಂದಲ್ಲ, 'ಬಿಡಬೇಕು' ಎಂದೇ ಇದೆ. ಆದರೆ ಈ 'ಬೇಕು' ಯಾರಿಗೆ ಎಂಬುದನ್ನು ಗಮನಿಸಿ. ನಿಮ್ಮ ಕೆಲಸವನ್ನು ಹಳೆಯ ಸಂಸ್ಥೆ ಹಿಡಿದಿಟ್ಟುಕೊಳ್ಳುವಂತಿಲ್ಲ, ಅಷ್ಟೇ. ಹೊಸ ಸಂಸ್ಥೆ ನಿಮಗೆ ಸೀಟು ಕೊಡಲೇಬೇಕು ಎಂದು ಅದರಲ್ಲಿಲ್ಲ. ಅಲ್ಲಿ ಮಾರ್ಗದರ್ಶಕರನ್ನು ಹುಡುಕಿ, ಅವರ ಒಪ್ಪಿಗೆ ಪಡೆದು, ವಿಭಾಗದ ಸಮಿತಿಯ ಮುಂದೆ ನಿಲ್ಲುವುದು ನಿಮ್ಮದೇ ಕೆಲಸ. ಕೋರ್ಸ್‌ವರ್ಕ್ ಒಪ್ಪುತ್ತಾರೋ ಮತ್ತೆ ಮಾಡಿಸುತ್ತಾರೋ ಎಂಬುದನ್ನೂ ಆ ಸಮಿತಿಯನ್ನೇ ಮೊದಲು ಕೇಳಬೇಕು. ಐ.ಎಸ್.ಐ., ಐ.ಐ.ಟಿ.ಗಳಂಥ ಸಂಸ್ಥೆಗಳು ತಮ್ಮದೇ ನಿಯಮದಲ್ಲಿ ನಡೆಯುತ್ತವೆ, ಅಲ್ಲಿ ವಿಚಾರಿಸುವುದು ಬೇರೆ.

ಮದುವೆಯ ಕಾರಣಕ್ಕೆ ಹೆಣ್ಣೇ ಊರು ಬಿಡಬೇಕು ಎಂದು ನಿಯಮವೂ ಒಪ್ಪಿಕೊಂಡಂತಿದೆಯಲ್ಲ ಎಂದು ಯಾರಾದರೂ ಕೇಳಬಹುದು. ನನಗೂ ಹಾಗೆ ಅನಿಸಿದೆ. ಆದರೆ ಅದೇ ಸಾಲಿನಲ್ಲಿ 'ಅಥವಾ ಬೇರೆ ಕಾರಣದಿಂದ' ಎಂಬ ಎರಡು ಮೂರು ಪದಗಳಿವೆ. ತಂದೆಯ ಕಾಯಿಲೆ, ಕುಟುಂಬದ ವಲಸೆ ಎಲ್ಲಕ್ಕೂ ಅಲ್ಲಿ ಜಾಗವಿದೆ.

ನನ್ನ ವಿಷಯ ಹೀಗೆ ನಡೆಯಿತು. 2018ರಲ್ಲಿ ತವರಿನ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಗ್ರಾಫ್ ಸಿದ್ಧಾಂತದಲ್ಲಿ ನೋಂದಣಿಯಾಗಿದ್ದೆ. 2020ರ ಕೊನೆಯಲ್ಲಿ ಮದುವೆ. ನನ್ನ ಮಾರ್ಗದರ್ಶಕರು ಒಳ್ಳೆಯವರು. ಸುದ್ದಿ ಹೇಳಿದ ದಿನವೇ, "ಇದುವರೆಗೆ ಮಾಡಿದ್ದನ್ನೆಲ್ಲ ದಿನಾಂಕ ಹಾಕಿ ಬರೆದು ತಾಮ್ಮಾ, ನಾನು ಸಹಿ ಮಾಡ್ತೀನಿ" ಎಂದರು. ತೊಡಕಾದದ್ದು ಆಫೀಸಿನಲ್ಲಿ. ಸೆಕ್ಷನ್ನಿನವರು ಅಂಥ ನಿಯಮವೇ ಇಲ್ಲ, ರದ್ದು ಮಾಡಿಸಿಕೊಂಡು ಹೋಗಿ ಎಂದರು. ಗೆಜೆಟ್‌ನ ಪುಟ ಜೆರಾಕ್ಸ್ ಮಾಡಿಸಿ, ಆ ಸಾಲಿನ ಕೆಳಗೆ ಗೆರೆ ಎಳೆದು ಅರ್ಜಿಗೆ ಲಗತ್ತಿಸಿದೆ. ಫೈಲು ಏಳು ತಿಂಗಳು ಓಡಾಡಿತು. ನಡುವೆ ಕೊರೋನಾ ಕೂಡ ಇತ್ತೆನ್ನಿ. ಕೊನೆಗೆ ನಿರಾಕ್ಷೇಪಣಾ ಪತ್ರ, ಕೋರ್ಸ್‌ವರ್ಕ್ ಅಂಕಪಟ್ಟಿ, ಆರಾರು ತಿಂಗಳ ಪ್ರಗತಿ ವರದಿಗಳು ಕೈಗೆ ಬಂದವು. ಹೊಸ ವಿಶ್ವವಿದ್ಯಾಲಯ ಸಂದರ್ಶನ ಮಾಡಿ, ಕೋರ್ಸ್‌ವರ್ಕ್ ಒಪ್ಪಿ, ನೋಂದಣಿಗೆ ಹಳೆಯ ದಿನಾಂಕವನ್ನೇ ಹಿಡಿಯಿತು. ಕಳೆದ ವರ್ಷಗಳು ಉಳಿದವು, ಹಾಗೆಯೇ ಆರು ವರ್ಷದ ಗಡಿಯಾರವೂ ನಿಲ್ಲದೆ ಓಡುತ್ತಲೇ ಇತ್ತು. ಮಹಿಳೆಯರಿಗೆ ಎರಡು ವರ್ಷ ಹೆಚ್ಚಿನ ಅವಧಿ ಕೊಡಲು ನಿಯಮದಲ್ಲಿ ಅವಕಾಶವಿದೆ, ಹೆರಿಗೆ ಮತ್ತು ಮಗುವಿನ ಆರೈಕೆಗೆಂದು 240 ದಿನಗಳವರೆಗೆ ರಜೆಯೂ ಇದೆ. ಮಗಳು ಹುಟ್ಟಿದಾಗ ರಜೆ ತೆಗೆದುಕೊಂಡೆ. ಹೆಚ್ಚಿನ ಅವಧಿ ಬೇಕಾಗಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನನಗೆ ಹೊಸ ಕಡೆ ಮಾರ್ಗದರ್ಶಕರು ಸಿಕ್ಕಿದ್ದು ಅದೃಷ್ಟದಿಂದ ಮಾತ್ರವಲ್ಲ. ಗ್ರಾಫ್ ಸಿದ್ಧಾಂತಕ್ಕೆ ಕರ್ನಾಟಕದಲ್ಲಿ ಹಳೆಯ ಬೇರುಗಳಿವೆ. ಧಾರವಾಡ ಮತ್ತು ಮೈಸೂರಿನಲ್ಲಿ ಪ್ರೊ. ಇ. ಸಂಪತ್ಕುಮಾರ್, ಕಲಬುರಗಿಯಲ್ಲಿ ಪ್ರೊ. ವಿ.ಆರ್. ಕುಲ್ಲಿ ಅವರಂಥವರು ಬೆಳೆಸಿದ ವಿಷಯ ಅದು. ಅವರ ಶಿಷ್ಯರು, ಶಿಷ್ಯರ ಶಿಷ್ಯರು ಅನೇಕ ಊರುಗಳಲ್ಲಿದ್ದಾರೆ. ಇಡೀ ದೇಶದಲ್ಲಿ ನಾಲ್ಕೇ ಜನ ಬಲ್ಲ ವಿಷಯ ಹಿಡಿದಿದ್ದರೆ ನಿಯಮ ಎಷ್ಟೇ ಒಳ್ಳೆಯದಿದ್ದರೂ ಉಪಯೋಗವಾಗುತ್ತಿರಲಿಲ್ಲ. ಊರು ಬದಲಾಗುವ ಸಾಧ್ಯತೆ ಇರುವವರು ವಿಷಯ ಆರಿಸುವಾಗ ಇದನ್ನು ಯೋಚಿಸುವುದರಲ್ಲಿ ತಪ್ಪಿಲ್ಲ.

ಇನ್ನು ಗಣಿತದವರಿಗೆ 'ಸಂಶೋಧನಾ ದತ್ತಾಂಶ' ಎಂದರೇನು? ರಸಾಯನಶಾಸ್ತ್ರದವರಿಗೆ ಲ್ಯಾಬ್ ಬೇಕು, ಯಂತ್ರ ಬೇಕು, ಫ್ರಿಜ್ಜಿನಲ್ಲಿಟ್ಟ ಸ್ಯಾಂಪಲ್ ಬೇಕು. ಅವೆಲ್ಲ ಹಳೆಯ ಸಂಸ್ಥೆಯ ಆಸ್ತಿ, ಬಹಳ ಸಲ ಯೋಜನೆಯ ಹಣದಲ್ಲಿ ಕೊಂಡವು. ನಮಗೆ ಇರುವುದು ನೋಟ್‌ಬುಕ್ಕು, ಲ್ಯಾಟೆಕ್ ಫೈಲು, ಸಾಧಿಸಿದ ಪ್ರಮೇಯಗಳು. ಬ್ಯಾಗಿನಲ್ಲಿ ಹಿಡಿಸುತ್ತದೆ. ವಿಜ್ಞಾನದ ಎಲ್ಲ ವಿಷಯಗಳಲ್ಲಿ ಊರು ಬದಲಿಸಲು ತೀರ ಸುಲಭವಾದದ್ದು ಗಣಿತವೇ ಎಂಬುದು ನನ್ನ ಅಭಿಪ್ರಾಯ. ಹುಡುಗಿಯರ ಮನೆಯವರಿಗೆ ನಾನು ಇದನ್ನು ಒತ್ತಿ ಹೇಳುತ್ತೇನೆ.

ನಮ್ಮ ರಾಜ್ಯದ ನೆಲದಲ್ಲೇ ಇದಕ್ಕೆ ದೊಡ್ಡ ಉದಾಹರಣೆಯಿದೆ. ಹರೀಶ್‌ಚಂದ್ರ ಎಂಬ ಯುವಕ 1943ರಲ್ಲಿ ಅಲಹಾಬಾದಿನಲ್ಲಿ ಎಂ.ಎಸ್ಸಿ. ಮುಗಿಸಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋಮಿ ಭಾಭಾ ಅವರ ಬಳಿ ಸಂಶೋಧನೆಗೆ ಬಂದರು. ವಿಷಯ ಸೈದ್ಧಾಂತಿಕ ಭೌತಶಾಸ್ತ್ರ. ಬೆಂಗಳೂರಿನಲ್ಲಿ ಇದ್ದದ್ದು ಎರಡು ವರ್ಷ. ಪಿಎಚ್.ಡಿ. ಅಲ್ಲಿ ಆಗಲಿಲ್ಲ. 1945ರಲ್ಲಿ ಕೇಂಬ್ರಿಜ್‌ಗೆ ಹೋಗಿ ಡಿರಾಕ್ ಅವರ ವಿದ್ಯಾರ್ಥಿಯಾದರು, 1947ರಲ್ಲಿ ಪದವಿ ಪಡೆದರು. ಆಗ ಯುಜಿಸಿ ಇರಲಿಲ್ಲ, ವರ್ಗಾವಣೆಯ ಫಾರಂ ಇರಲಿಲ್ಲ. ಬೆಂಗಳೂರಿನಲ್ಲಿ ಬರೆದ ಪ್ರಬಂಧಗಳು ಮತ್ತು ಗುರುಗಳ ಶಿಫಾರಸು, ಇವೇ ಅವರ ದತ್ತಾಂಶ. ಅಲ್ಲಿಂದ ಡಿರಾಕ್ ಜೊತೆ ಪ್ರಿನ್ಸ್‌ಟನ್‌ಗೆ ಹೋದಾಗ ಭೌತಶಾಸ್ತ್ರವನ್ನೇ ಬಿಟ್ಟು ಗಣಿತಕ್ಕೆ ಬಂದರು. ಇಪ್ಪತ್ತನೆಯ ಶತಮಾನದ ಬಹು ದೊಡ್ಡ ಗಣಿತಜ್ಞರ ಸಾಲಿನಲ್ಲಿ ಇಂದು ಅವರ ಹೆಸರಿದೆ.

ಇತ್ತೀಚಿನ ಉದಾಹರಣೆ ಬೇಕೆಂದರೆ ಕೊರಿಯಾದ ಜೂನ್ ಹು. ಹೈಸ್ಕೂಲು ಬಿಟ್ಟು ಕವಿಯಾಗಲು ಹೊರಟಿದ್ದವರು. ಅಮೆರಿಕದ ಹತ್ತಾರು ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕಿದಾಗ ತೆಗೆದುಕೊಂಡದ್ದು ಇಲಿನಾಯ್ ಒಂದೇ. 2009ರಲ್ಲಿ ಸೇರಿದರು. ಅಲ್ಲಿ ಮೊದಲ ಹಂತದಲ್ಲಿಯೇ ಅವರು ಒಂದು ಹಳೆಯ ಸಮಸ್ಯೆ ಬಿಡಿಸಿದರು. ಅದು ನಿಮಗೂ ಅರ್ಥವಾಗುವಂಥದ್ದು, ಪೆನ್ನು ಕಾಗದ ತೆಗೆದುಕೊಳ್ಳಿ.

ಒಂದು ಮೇಜಿನ ನಾಲ್ಕು ಬದಿಗೆ ನಾಲ್ಕು ವಿದ್ಯಾರ್ಥಿಗಳು ಪರೀಕ್ಷೆಗೆ ಕುಳಿತಿದ್ದಾರೆ. ಅಕ್ಕಪಕ್ಕದವರಿಗೆ ಒಂದೇ ಸೀರೀಸಿನ ಪ್ರಶ್ನೆಪತ್ರಿಕೆ ಬರಬಾರದು. ಎದುರುಬದುರು ಕುಳಿತವರಿಗೆ ಒಂದೇ ಬಂದರೆ ಅಡ್ಡಿಯಿಲ್ಲ. ಎ, ಬಿ ಎರಡೇ ಸೀರೀಸ್ ಇದ್ದರೆ ಹಂಚುವ ವಿಧಾನ 2. ಮೂರು ಇದ್ದರೆ 18. ನಾಲ್ಕು ಇದ್ದರೆ 84. ಸೀರೀಸುಗಳ ಸಂಖ್ಯೆ 'ಸ' ಎಂದುಕೊಂಡರೆ ಒಟ್ಟು ವಿಧಾನ ಸ⁴ − 4ಸ³ + 6ಸ² − 3ಸ. ಚಿಹ್ನೆ ಬಿಟ್ಟು ಸಹಗುಣಕಗಳನ್ನು ನೋಡಿ: 1, 4, 6, 3. ಏರುತ್ತದೆ, ಆಮೇಲೆ ಇಳಿಯುತ್ತದೆ, ಇಳಿದ ಮೇಲೆ ಮತ್ತೆ ಏರುವುದಿಲ್ಲ. ಮೇಜು ಎಷ್ಟೇ ದೊಡ್ಡದಿರಲಿ, ಯಾರು ಯಾರ ಪಕ್ಕದಲ್ಲೇ ಇರಲಿ, ಯಾವಾಗಲೂ ಹೀಗೆಯೇ ಇರುತ್ತದೆ ಎಂದು ರೊನಾಲ್ಡ್ ರೀಡ್ 1968ರಲ್ಲಿ ಊಹಿಸಿದ್ದರು. ನಲವತ್ತು ವರ್ಷ ಯಾರಿಗೂ ಸಾಧಿಸಲಾಗಿರಲಿಲ್ಲ. ಹು ಅದನ್ನು ಜ್ಯಾಮಿತಿಯ ದಾರಿಯಿಂದ ಸಾಧಿಸಿದರು.

ಈ ಕೆಲಸದ ಸುದ್ದಿ ಹರಡಿ ಮಿಚಿಗನ್ ವಿಶ್ವವಿದ್ಯಾಲಯದವರು ಅವರನ್ನು ಉಪನ್ಯಾಸಕ್ಕೆ ಕರೆದರು. 2011ರಲ್ಲಿ ಹು ಇಲಿನಾಯ್ ಬಿಟ್ಟು ಅಲ್ಲಿಗೆ ಪಿಎಚ್.ಡಿ. ವಿದ್ಯಾರ್ಥಿಯಾಗಿ ಹೋದರು, 2014ರಲ್ಲಿ ಪದವಿ ಪಡೆದರು, 2022ರಲ್ಲಿ ಫೀಲ್ಡ್ಸ್ ಪದಕ ಪಡೆದರು. ಅವರು ಜಗಳವಾಡಿ ಬಿಟ್ಟು ಹೋದವರಲ್ಲ. ತಮ್ಮ ಸಮಸ್ಯೆಗೆ ಬೇಕಾದ ಜ್ಯಾಮಿತಿ ಬಲ್ಲವರು ಇನ್ನೊಂದು ಊರಿನಲ್ಲಿದ್ದರು, ಅಲ್ಲಿಗೆ ಹೋದರು. ಊರು ಬದಲಿಸಲು ಇದಕ್ಕಿಂತ ಒಳ್ಳೆಯ ಕಾರಣ ಇಲ್ಲ. ಮದುವೆಯೂ ಇಲ್ಲದೆ, ಈ ಕಾರಣವೂ ಇಲ್ಲದೆ, ಬರೀ ದೊಡ್ಡ ಹೆಸರಿನ ಸಂಸ್ಥೆ ಎಂದು ನಡುವೆ ಹಾರುವುದನ್ನು ನಾನು ಬೇಡವೆನ್ನುತ್ತೇನೆ.

ಹಣದ ವಿಷಯಕ್ಕೆ ಬರೋಣ, ಏಕೆಂದರೆ ಮನೆಯಲ್ಲಿ ಕೇಳುವ ಎರಡನೆಯ ಪ್ರಶ್ನೆ ಅದೇ. ಎಂ.ಎಸ್ಸಿ. ಮುಗಿಸುವ ಹೊತ್ತಿಗೆ ಸಿಎಸ್ಐಆರ್-ಯುಜಿಸಿ ನೆಟ್ ಬರೆದು ಜೆ.ಆರ್.ಎಫ್. ಗಳಿಸಿದವರಿಗೆ 2023ರಿಂದ ಮೊದಲ ಎರಡು ವರ್ಷ ತಿಂಗಳಿಗೆ 37,000, ನಂತರ 42,000 ರೂಪಾಯಿ, ಜೊತೆಗೆ ಮನೆ ಬಾಡಿಗೆ ಭತ್ಯೆ. ಗಣಿತದವರಿಗೇ ಆಗಿ ರಾಷ್ಟ್ರೀಯ ಉನ್ನತ ಗಣಿತ ಮಂಡಳಿ ಬೇರೆ ಪರೀಕ್ಷೆ ನಡೆಸಿ ವಿದ್ಯಾರ್ಥಿವೇತನ ಕೊಡುತ್ತದೆ. ಅಲ್ಪಸಂಖ್ಯಾತ ಸಮುದಾಯದವರಿಗೆ ಇದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ಪನ್ನು ಕೇಂದ್ರ ಸರ್ಕಾರ 2022-23ರಿಂದ ನಿಲ್ಲಿಸಿದೆ. ನಿಮ್ಮ ಅಣ್ಣಂದಿರು ಅಕ್ಕಂದಿರು ಅದರ ಹೆಸರು ಹೇಳಿದರೆ ಅದು ಹಳೆಯ ಮಾತು. ರಾಜ್ಯದ ಅಲ್ಪಸಂಖ್ಯಾತರ ನಿರ್ದೇಶನಾಲಯದ ಫೆಲೋಶಿಪ್ ಬಗ್ಗೆ ಆಯಾ ವರ್ಷದ ಪ್ರಕಟಣೆಯನ್ನೇ ನೋಡಬೇಕು.

ಊರು ಬದಲಿಸುವಾಗ ಮುಖ್ಯವಾದದ್ದು, ಫೆಲೋಶಿಪ್ ಯಾರ ಹೆಸರಿನಲ್ಲಿದೆ ಎಂಬುದು. ನೆಟ್ ಫೆಲೋಶಿಪ್ ನೀವು ಗಳಿಸಿದ್ದು. ಕೊಡುವವರ ಅನುಮತಿ, ಎರಡೂ ಸಂಸ್ಥೆಗಳ ಒಪ್ಪಿಗೆ ಇದ್ದರೆ ನಿಮ್ಮ ಜೊತೆ ಬರಲು ದಾರಿಯಿದೆ. ವಿಶ್ವವಿದ್ಯಾಲಯವೇ ಕೊಡುವ ವೇತನ, ಅಥವಾ ಮಾರ್ಗದರ್ಶಕರ ಯೋಜನೆಯಿಂದ ಬರುವ ವೇತನ ಅಲ್ಲಿಗೇ ನಿಲ್ಲುತ್ತದೆ. ಯೋಜನೆಯ ಹಣವಾದರೆ ಮೇಲೆ ಹೇಳಿದ ಷರತ್ತಿಗೂ ಸಿಕ್ಕಿಕೊಳ್ಳುತ್ತದೆ, ಎರಡು ಪಟ್ಟು ನಷ್ಟ. ಆದ್ದರಿಂದಲೇ ಎಂ.ಎಸ್ಸಿ. ಎರಡನೆಯ ವರ್ಷದಲ್ಲಿ ನೆಟ್‌ಗೆ ಕೂರುವುದು ಹುಡುಗಿಯರಿಗೆ ಇನ್ನೂ ಹೆಚ್ಚು ಅಗತ್ಯ ಎನ್ನುತ್ತೇನೆ.

ಕೆಲಸದ ಹಕ್ಕಿನ ಬಗ್ಗೆಯೂ ಒಂದೆರಡು ಮಾತು. ಹಳೆಯ ಮಾರ್ಗದರ್ಶಕರೊಡನೆ ಸೇರಿ ಸಾಧಿಸಿದ ಪ್ರಮೇಯ ಇಬ್ಬರದೂ ಹೌದು. ಊರು ಬಿಟ್ಟ ಮೇಲೆ ಅದನ್ನು ಒಬ್ಬರ ಹೆಸರಿನಲ್ಲಿ ಪ್ರಕಟಿಸುವಂತಿಲ್ಲ. ಗಣಿತದಲ್ಲಿ ಲೇಖಕರ ಹೆಸರನ್ನು ಅಕ್ಷರಕ್ರಮದಲ್ಲಿ ಹಾಕುವುದು ವಾಡಿಕೆ, ಹಾಗಾಗಿ ಯಾರ ಹೆಸರು ಮೊದಲು ಎಂಬ ಜಗಳ ಕಡಿಮೆ. ಹೊರಡುವ ಮುಂಚೆ ಇಬ್ಬರೂ ಕುಳಿತು, ಯಾವುದು ಮುಗಿದಿದೆ, ಯಾವುದು ಅರ್ಧವಿದೆ, ಯಾವುದನ್ನು ಯಾರು ಮುಂದುವರಿಸುತ್ತಾರೆ ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಕೊಂಡರೆ ಸಾಕು. ನಾವು ಹಾಗೆ ಮಾಡಿದೆವು. ನನ್ನ ಮಹಾಪ್ರಬಂಧದ ಎರಡನೆಯ ಅಧ್ಯಾಯ ಹಳೆಯ ಊರಿನದು, ಅದರ ಮೊದಲ ಪುಟದಲ್ಲೇ ಹಾಗೆಂದು ಬರೆದಿದ್ದೇನೆ. ಮುಗಿದ ಪ್ರಬಂಧವಿದ್ದರೆ ಮಾರ್ಗದರ್ಶಕರ ಒಪ್ಪಿಗೆಯಿಂದ ಆರ್ಕೈವ್ ತಾಣಕ್ಕೆ ಹಾಕಿಬಿಡಿ. ಅಲ್ಲಿ ದಿನಾಂಕ ಬೀಳುತ್ತದೆ, ಮುಂದೆ ಯಾರೂ ಕೇಳುವಂತಿಲ್ಲ.

ಮದುವೆ ಮಾತುಕತೆಯ ಹೊತ್ತಿಗೆ ಇದನ್ನೆಲ್ಲ ಎತ್ತುವುದು ಮುಜುಗರವೆಂದು ಕೆಲವರು ಹೇಳುತ್ತಾರೆ. ನಮ್ಮ ಮನೆಯಲ್ಲಿ ಅಬ್ಬಾ ಎತ್ತಿದರು. ಬಂದವರಿಗೆ ಚಹಾ ಕೊಟ್ಟು, "ಇವಳ ಓದು ಇನ್ನೂ ಮೂರು ವರ್ಷ ಇದೆ, ನಿಮ್ಮ ಊರಿಗೆ ಹತ್ತಿರ ಯಾವ ಯೂನಿವರ್ಸಿಟಿ?" ಎಂದು ಕೇಳಿದರು. ಹುಡುಗನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಮೇಲೆ ನನ್ನ ಮಾವನೇ ಬಸ್ಸಿನ ಸಮಯ ಹೇಳತೊಡಗಿದರು.

2022ರ ನಿಯಮಾವಳಿಯ ಮುದ್ರಿತ ಪ್ರತಿಯೊಂದನ್ನು ಗಣಿತ ವಿಭಾಗದ ಕಪಾಟಿನಲ್ಲಿ ಇಟ್ಟಿದ್ದೇನೆ. ಮಹಿಳಾ ಸಂಶೋಧನಾರ್ಥಿಗಳ ಸ್ಥಳಾಂತರದ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿದೆ. ಬೇಕಾದವರು ಜೆರಾಕ್ಸ್ ಮಾಡಿಸಿಕೊಂಡು ಅದೇ ದಿನ ಹಿಂದಿರುಗಿಸಿ. ಮನೆಯವರಿಗೆ ತೋರಿಸಬೇಕೆಂದರೆ ಕನ್ನಡದಲ್ಲಿ ಸಾರಾಂಶ ಬರೆದ ಹಾಳೆಯೂ ಅದರೊಳಗೇ ಇದೆ.